ಕಲ್ಲು ಹಳೆಯದು, ಗೋಡೆಯ ಒಡಲು ಹೊಸದು

2011ರ ಫೆಬ್ರವರಿ 22ರ ಭೂಕಂಪ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 185 ಜನರನ್ನು ಬಲಿ ತೆಗೆದುಕೊಂಡಿತು. ಹಿಂದಿನ ಸೆಪ್ಟೆಂಬರಿನಲ್ಲಿ 7.1 ತೀವ್ರತೆಯ ಕಂಪನವನ್ನು ಬರಿಯ ಬಿರುಕುಗಳೊಂದಿಗೆ ತಾಳಿಕೊಂಡಿದ್ದ ಎಷ್ಟೋ ಕಲ್ಲಿನ ಇಗರ್ಜಿಗಳು 6.3 ತೀವ್ರತೆಯ ಈ ಕಂಪನಕ್ಕೆ ಕುಸಿದವು. ಏಕೆಂದರೆ ಇದರ ಕೇಂದ್ರ ನಗರಕ್ಕೆ ತೀರ ಸಮೀಪದಲ್ಲಿ, ಹೆಚ್ಚು ಆಳವಿಲ್ಲದ ಕಡೆ ಇತ್ತು. ಅಂಥದೊಂದು ಹತ್ತೊಂಬತ್ತನೆಯ ಶತಮಾನದ ಚಿಕ್ಕ ಇಗರ್ಜಿಯ ಮರುನಿರ್ಮಾಣದಲ್ಲಿ ನಾನು ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ಕೆಲಸ ಮಾಡಿದೆ.

ಬಿದ್ದ ಗೋಡೆಯ ಅಡ್ಡಸೀಳು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಹೊರಮೈಗೂ ಒಳಮೈಗೂ ಅಚ್ಚುಕಟ್ಟಾದ ಕಲ್ಲು, ನಡುವೆ ಸುಣ್ಣದ ಗಾರೆಯಲ್ಲಿ ಸುರಿದ ಚೂರುಗಲ್ಲು. ನೆಲ ಅಲುಗಿದಾಗ ಆ ಚೂರುಗಲ್ಲು ಕೆಳಗಿಳಿದು, ಬೆಣೆಯಂತೆ ಎರಡೂ ಮೈಗಳನ್ನು ಹೊರಕ್ಕೆ ನೂಕಿತ್ತು.

ಕಟ್ಟುವುದಕ್ಕಿಂತ ಬಿಚ್ಚುವುದೇ ಹೆಚ್ಚು ತಾಳ್ಮೆ ಬೇಡಿತು. ಈ ಭಾಗದ ಕಪ್ಪು ಬಸಾಲ್ಟ್ ಒದಗಿಸುತ್ತಿದ್ದ ಹಾಲ್ಸ್‌ವೆಲ್ ಕ್ವಾರಿ 1990ರಲ್ಲೇ ಮುಚ್ಚಿದ್ದರಿಂದ, ಒಡೆದ ಕಲ್ಲಿಗೆ ಬದಲಿ ಹುಡುಕುವುದು ಸುಲಭವಿರಲಿಲ್ಲ. ನಿಂತಿದ್ದ ಭಾಗದ ಪ್ರತಿ ವರಸೆಯ ಫೋಟೊ ತೆಗೆದು, ಮುಖಕ್ಕೆ ಬಣ್ಣ ಸೋಕದಂತೆ ಕಲ್ಲಿನ ಹಿಂಬದಿಯಲ್ಲಿ ಸಂಖ್ಯೆ ಬರೆದು, ಹಲಗೆಗಳ ಮೇಲೆ ಜೋಡಿಸಿದೆವು. ಸುಣ್ಣದ ಗಾರೆ ಕೈಯುಳಿಯ ಹಗುರ ಏಟಿಗೇ ಪದರಪದರವಾಗಿ ಉದುರುತ್ತಿತ್ತು. ಹಿಂದೆ ಯಾರೋ ಸಿಮೆಂಟಿನಿಂದ ತೇಪೆ ಹಾಕಿದ್ದ ಕಡೆ ಮಾತ್ರ ಗಾರೆಯ ಜೊತೆಗೆ ಕಲ್ಲಿನ ಅಂಚೂ ಕಿತ್ತುಬಂತು. ಹಳೆಯ ಕಲ್ಲುಗೋಡೆಗೆ ಸಿಮೆಂಟ್ ಮೆತ್ತಬೇಡಿ ಎಂದು ನಾನು ಇಂದಿಗೂ ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

ಹೊಸ ಕಟ್ಟಡಕ್ಕೆ ವಿಧಿಸಿದ ಭೂಕಂಪ ನಿರೋಧಕ ಬಲದ ಶೇ. 34ಕ್ಕಿಂತ ಕಡಿಮೆ ಇದ್ದರೆ ಅಲ್ಲಿನ ಆಗಿನ ನಿಯಮ ಕಟ್ಟಡವನ್ನು ಅಪಾಯದ ಪಟ್ಟಿಗೆ ಸೇರಿಸುತ್ತಿತ್ತು. ನಾವು ಶೇ. 67ರ ಗುರಿ ಇಟ್ಟುಕೊಂಡೆವು. ಚೂರುಗಲ್ಲಿನ ಜಾಗದಲ್ಲಿ ಕಬ್ಬಿಣದ ಸರಳುಗಳ ಕಾಂಕ್ರೀಟ್ ಗೋಡೆ ಎಬ್ಬಿಸಿ, ಹಳೆಯ ಕಲ್ಲುಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಕೊಂಡಿಗಳಿಂದ ಅದಕ್ಕೆ ಬಿಗಿದೆವು. ಕಿಟಕಿ ಚೌಕಟ್ಟಿನ ಓಮರು ಸುಣ್ಣಕಲ್ಲು ಬಹಳ ಮೃದು. ಕಾಂಕ್ರೀಟಿನ ಲವಣ ಅದಕ್ಕೆ ಇಳಿಯದಂತೆ ನಡುವೆ ತೆರಪು ಬಿಟ್ಟೆವು. ಚಾವಣಿಯ ರಿಮು ಮರದ ತೊಲೆಗಳನ್ನು ಉಳಿಸಿಕೊಂಡು, ಮೇಲೆ ಪ್ಲೈವುಡ್ ಹಾಸಿ, ಚಾವಣಿ ಇಡಿಯಾಗಿ ಗೋಡೆಗಳನ್ನು ಹಿಡಿದುಕೊಳ್ಳುವಂತೆ ಮಾಡಿದೆವು.

ಹೀಗೆ ಒಳಗೆ ಕಾಂಕ್ರೀಟ್ ತುಂಬಿದ ಮೇಲೆ ಅದು ಹಳೆಯ ಇಗರ್ಜಿ ಹೇಗಾದೀತು ಎಂದು ಕೇಳಿದವರಿದ್ದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಸೋತದ್ದು ಆ ಒಡಲೇ ಆಗಿತ್ತು. ಮುಂಬಾಗಿಲ ಮೇಲಿನ ತ್ರಿಕೋನ ಗೋಡೆಯನ್ನೂ ಮೊದಲಿನಷ್ಟೇ ದಪ್ಪ ಕಲ್ಲಿನಲ್ಲಿ ಕಟ್ಟಬೇಕೆಂದು ಸಭೆಯ ಹಿರಿಯರು ಕೇಳಿದಾಗ ನಾನು ಒಪ್ಪಲಿಲ್ಲ. ಅಲ್ಲಿ ಮರದ ಚೌಕಟ್ಟು ನಿಲ್ಲಿಸಿ, ಹಳೆಯ ಕಲ್ಲನ್ನೇ ತೆಳುವಾಗಿ ಸೀಳಿ ಹೊದಿಸಿದೆವು. ಪ್ರಾರ್ಥನೆ ಮುಗಿದ ಮೇಲೆ ಜನ ಮಾತಾಡುತ್ತ ನಿಲ್ಲುವುದು ಆ ಗೋಡೆಯ ಅಡಿಯಲ್ಲೇ.