ಜಾಕ್ಸನ್ ಹೈಟ್ಸ್‌ನಲ್ಲಿ ಕೋ-ಆಪ್ ಮನೆ ತಗೊಂಡಿದ್ದು

ನ್ಯೂಯಾರ್ಕಿನಲ್ಲಿ ಕೋ-ಆಪ್ ಮನೆ ತಗೊಂಡರೆ ಕೈಗೆ ಕ್ರಯಪತ್ರ ಬರುವುದಿಲ್ಲ. ಇಡೀ ಕಟ್ಟಡ ಒಂದು ಕಂಪನಿಯದು. ನಾವು ಕೊಳ್ಳುವುದು ಆ ಕಂಪನಿಯ ಶೇರು. ಅದರ ಜೊತೆಗೆ ಇಂಥ ನಂಬರಿನ ಮನೆಯಲ್ಲಿ ಇರಬಹುದು ಅಂತ ಒಂದು ಲೀಸು ಕೊಡುತ್ತಾರೆ. ಮೈಸೂರಿನಲ್ಲಿರುವ ಅಪ್ಪನಿಗೆ ಇದನ್ನು ಫೋನಿನಲ್ಲಿ ವಿವರಿಸಿದೆ. "ಅಂದ್ರೆ ಖಾತಾ ನಿನ್ನ ಹೆಸರಿಗೆ ಆಗಲ್ವಾ?" ಅಂದರು. ಆಗಲ್ಲ ಅಪ್ಪ ಅಂದೆ. "ಮತ್ತೆ ಅಷ್ಟು ದುಡ್ಡು ಯಾಕೆ ಸುರೀತೀಯ?"

ಕಾರಣ ಇತ್ತು. ಇಲ್ಲಿನ ಹಳೇ ಕಾಲದ ಗಟ್ಟಿ ಮನೆಗಳು ಬಹುತೇಕ ಕೋ-ಆಪ್‌ಗಳೇ. ಅಷ್ಟೇ ದೊಡ್ಡ ಕಾಂಡೋ, ಅಂದರೆ ಕ್ರಯಪತ್ರ ನಮ್ಮ ಹೆಸರಿಗೇ ಆಗುವ ಫ್ಲಾಟ್, ಬೇಕೆಂದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ಕೊಡಬೇಕು. ಜೊತೆಗೆ ನನಗೆ ಬೇಕಾಗಿದ್ದದ್ದು ಕ್ವೀನ್ಸ್‌ನ ಜಾಕ್ಸನ್ ಹೈಟ್ಸೇ. 74ನೇ ಬೀದಿಗೆ ನಡೆದು ಹೋದರೆ ಕರಿಬೇವು, ಉದ್ದಿನಬೇಳೆ, ತೊಂಡೆಕಾಯಿ ಎಲ್ಲಾ ಸಿಗುತ್ತೆ. ಟ್ರಾವರ್ಸ್ ಪಾರ್ಕ್ ಹತ್ತಿರ. ಅದರ ಪಕ್ಕದ 34ನೇ ಅವೆನ್ಯೂದಲ್ಲಿ 2020ರಿಂದ ಹಗಲು ಹೊತ್ತು ಕಾರುಗಳ ಓಡಾಟ ತಡೆದು ಮಕ್ಕಳಿಗೆ ರಸ್ತೆ ಬಿಟ್ಟುಕೊಡುತ್ತಾರೆ.

ಈ ಬಡಾವಣೆ ಕಟ್ಟಿದ್ದು ಕ್ವೀನ್ಸ್‌ಬರೋ ಕಾರ್ಪೊರೇಷನ್ ಅನ್ನುವ ಕಂಪನಿ. 1917ರಲ್ಲಿ ಮೇಲ್ಸೇತುವೆ ರೈಲು ಬಂದ ಮೇಲೆ ಕೆಲಸ ಜೋರಾಯಿತು. ಬ್ಲಾಕಿನ ಅಂಚಿನಲ್ಲಿ ಸುತ್ತ ಕಟ್ಟಡ, ನಡುವೆ ತೋಟ. 1920ರ ದಶಕದ ಶಾಟೋ, ಟವರ್ಸ್ ಕಟ್ಟಡಗಳ ಒಳತೋಟ ನೋಡಿದರೆ ಹೊರಗಡೆ ನ್ಯೂಯಾರ್ಕ್ ಇದೆ ಅನ್ನುವುದೇ ಮರೆತುಹೋಗುತ್ತೆ. ಆದರೆ ಆಗ ಯಹೂದಿಗಳಿಗೂ ಕಪ್ಪು ಜನರಿಗೂ ಇಲ್ಲಿ ಮನೆ ಕೊಡುತ್ತಿರಲಿಲ್ಲ. ನನ್ನಂಥವನನ್ನು ಗೇಟಿನ ಒಳಗೆ ಬಿಡುತ್ತಿದ್ದರಾ, ಗೊತ್ತಿಲ್ಲ. ಈಗ ನಮ್ಮ ಲಿಫ್ಟಿನಲ್ಲಿ ಸ್ಪ್ಯಾನಿಷ್, ಬಂಗಾಳಿ, ನೇಪಾಳಿ ಎಲ್ಲಾ ಕೇಳಿಸುತ್ತೆ.

ಮನೆ ನೋಡುವುದಕ್ಕಿಂತ ಕಂಪನಿಯ ಲೆಕ್ಕ ನೋಡುವುದರಲ್ಲೇ ನಾನು ಜಾಸ್ತಿ ಹೊತ್ತು ಕಳೆದೆ. ಹೆರಿಂಗ್‌ಬೋನ್ ಓಕ್ ನೆಲ, ಎತ್ತರದ ಚಾವಣಿ, ಕಮಾನು ಬಾಗಿಲು ನೋಡಿ ಮನಸ್ಸು ಸೋಲುವುದು ಸುಲಭ. ಆದರೆ ಕಟ್ಟಡದ ಹೆಸರಲ್ಲೇ ದೊಡ್ಡ ಸಾಲ ಇದ್ದರೆ ಅದರ ಕಂತು ನಮ್ಮ ತಿಂಗಳ ಮೇಂಟೆನೆನ್ಸಿನಲ್ಲಿ ಸೇರಿಕೊಂಡಿರುತ್ತೆ. ಆಸ್ತಿ ತೆರಿಗೆ, ಹೀಟಿಂಗ್, ಬಿಸಿನೀರು, ಕೆಲಸದವರ ಸಂಬಳವೂ ಅದರಲ್ಲೇ. ಆದ್ದರಿಂದ ಮೂರು ಸಂಗತಿ ಹುಡುಕಿದೆ: ಆ ಸಾಲ ಯಾವಾಗ ತೀರುತ್ತೆ, ಕಂಪನಿಯ ಕೈಯಲ್ಲಿ ಉಳಿತಾಯ ಎಷ್ಟಿದೆ, ಇಂಧನ ಉರಿಸಿ ಕಟ್ಟಡ ಬಿಸಿ ಮಾಡುವ ಬಾಯ್ಲರಿಗೆ ಎಷ್ಟು ವಯಸ್ಸು. ಬಾಯ್ಲರ್ ಯಾಕೆ ಅಂದರೆ ನಗರದ ಲೋಕಲ್ ಲಾ 97 ಪ್ರಕಾರ 25,000 ಚದರಡಿಗಿಂತ ದೊಡ್ಡ ಕಟ್ಟಡಗಳಿಗೆ 2024ರಿಂದ ಕಾರ್ಬನ್ ಮಿತಿ ಇದೆ. 2030ಕ್ಕೆ ಅದು ಇನ್ನೂ ಬಿಗಿಯಾಗುತ್ತೆ. ಮಿತಿ ಮೀರಿದರೆ ದಂಡ, ದಂಡ ಕಟ್ಟುವವರು ನಾವೇ. ಕಂಪನಿ ನಡೆಸುವುದು ಶೇರುದಾರರು ಆರಿಸಿದ ಬೋರ್ಡ್. ಅದರ ಮೀಟಿಂಗಿನ ಮಿನಿಟ್ಸ್ ಓದಲು ವಕೀಲರಿಗೆ ಹೇಳಿ. ಯಾರ ಮನೆ ಸೋರುತ್ತೆ, ಯಾರು ಯಾರ ಜೊತೆ ಜಗಳ ಆಡ್ತಾರೆ, ಎಲ್ಲಾ ಅದರಲ್ಲಿ ಸಿಗುತ್ತೆ.

ಆಮೇಲೆ ಬೋರ್ಡ್ ಪ್ಯಾಕೇಜ್, ಅಂದರೆ ನಮ್ಮನ್ನು ಒಪ್ಪಿಕೊಳ್ಳಿ ಅಂತ ಬೋರ್ಡಿಗೆ ಕೊಡುವ ಅರ್ಜಿಯ ಕಟ್ಟು. ಮಗಳಿಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ! ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ಪತ್ರ, ಸ್ನೇಹಿತರಿಂದ ನಮ್ಮ ನಡತೆಯ ಬಗ್ಗೆ ಪತ್ರ. ಮನೆಗೆ ದುಡ್ಡು ಕಟ್ಟಿದ ಮೇಲೂ ಕೈಯಲ್ಲಿ ಎಷ್ಟು ಉಳಿಯುತ್ತೆ ಅನ್ನುವುದೇ ಅವರಿಗೆ ಮುಖ್ಯ. ಊರಿನ ಸೈಟನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ, ಬೇಗ ಕ್ಯಾಶ್ ಆಗಲ್ಲ ಅಂತ. ಅಪ್ಪ ಕಳಿಸಿದ ಹಣಕ್ಕೆ "ಇದು ಸಾಲ ಅಲ್ಲ, ಉಡುಗೊರೆ" ಅಂತ ಪತ್ರ ಬರೆಸಿಕೊಳ್ಳಬೇಕಾಯಿತು. ಮಗನಿಗೆ ಕೊಟ್ಟಿದ್ದಕ್ಕೆ ಪತ್ರ ಯಾಕೆ ಅಂತ ಅಪ್ಪ ಗೊಣಗಿಕೊಂಡೇ ಸಹಿ ಹಾಕಿದರು.

ಇಂಟರ್‌ವ್ಯೂ ನಡೆದದ್ದು ಬೇಸ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಮೆಷಿನ್‌ಗಳ ಪಕ್ಕದ ರೂಮಿನಲ್ಲಿ. ದುಡ್ಡಿನ ಮಾತೇ ಬರಲಿಲ್ಲ. ವಯಸ್ಸಾದ ಒಬ್ಬ ಹೆಂಗಸು ನೆಲಕ್ಕೆ ಕಾರ್ಪೆಟ್ ಹಾಸುತ್ತೀರಾ ಅಂತ ಕೇಳಿದರು. ಶೇಕಡ 80ರಷ್ಟು ನೆಲ ಮುಚ್ಚಬೇಕು ಅನ್ನುವ ನಿಯಮ ಇಲ್ಲಿ ತುಂಬಾ ಕಡೆ ಇದೆ, ಕೆಳಗಿನ ಮನೆಯವರಿಗೆ ಹೆಜ್ಜೆ ಸದ್ದು ಕೇಳಿಸಬಾರದು ಅಂತ. ಹಾಸುತ್ತೇವೆ ಅಂದೆ. ಗ್ರೈಂಡರ್ ಇದೆ, ಶನಿವಾರ ಮಧ್ಯಾಹ್ನ ಮಾತ್ರ ಹಿಟ್ಟು ರುಬ್ಬುತ್ತೇವೆ ಅಂತ ನಾನೇ ಹೇಳಿಬಿಟ್ಟೆ. ಅವರು ನಕ್ಕರು. ನೆನಪಿರಲಿ, ಬೋರ್ಡ್ ಬೇಡ ಅಂದರೆ ಕಾರಣ ಹೇಳಬೇಕಾಗಿಲ್ಲ. ಜಾತಿ, ಬಣ್ಣ, ಧರ್ಮ ನೋಡಿ ನಿರಾಕರಿಸುವುದು ಕಾನೂನು ಪ್ರಕಾರ ತಪ್ಪು. ಆದರೆ ಕಾರಣವನ್ನೇ ಹೇಳದಿದ್ದರೆ ಸಾಬೀತು ಮಾಡುವುದು ಹೇಗೆ? ಈ ಪದ್ಧತಿ ನನಗೆ ಇವತ್ತಿಗೂ ಇಷ್ಟವಿಲ್ಲ.

ಮನೆಗೆ ಬಂದ ಮೊದಲ ಚಳಿಗಾಲ ರಾತ್ರಿಯೆಲ್ಲಾ ಡಣ್ ಡಣ್ ಸದ್ದು. ಇಲ್ಲಿರುವುದು ಒಂದೇ ಪೈಪಿನ ಸ್ಟೀಮ್ ರೇಡಿಯೇಟರ್. ಆವಿ ಬರುವುದೂ ತಣ್ಣಗಾದ ನೀರು ವಾಪಸ್ ಹೋಗುವುದೂ ಅದೇ ಪೈಪಿನಲ್ಲಿ. ನೀರು ಒಳಗೆ ನಿಂತರೆ ಆವಿ ಅದನ್ನು ಎತ್ತಿ ಬಡಿಯುತ್ತೆ. ರಸಮಟ್ಟ ಇಟ್ಟು ನೋಡಿದರೆ ರೇಡಿಯೇಟರ್ ಪೈಪಿನ ಕಡೆಗೆ ಇಳಿಜಾರಾಗುವ ಬದಲು ಆಚೆ ಕಡೆಗೆ ವಾಲಿತ್ತು. ಆ ತುದಿಯ ಕಾಲಿನ ಕೆಳಗೆ ತೆಳ್ಳನೆ ಮರದ ಚಕ್ಕೆ ತುರುಕಿದೆ, ಸದ್ದು ನಿಂತಿತು. ಬುಸ್ ಬುಸ್ ಅಂತ ಉಗುಳುತ್ತಿದ್ದ ಗಾಳಿ ವಾಲ್ವನ್ನು ಸೂಪರ್ (ಕಟ್ಟಡದ ರಿಪೇರಿ, ಮೇಲ್ವಿಚಾರಣೆ ನೋಡಿಕೊಳ್ಳುವವರು) ಬಂದು ಬದಲಾಯಿಸಿಕೊಟ್ಟರು. ಶಾಖ ಜಾಸ್ತಿ ಅಂತ ಪೈಪಿನ ವಾಲ್ವನ್ನು ಅರ್ಧ ತಿರುಗಿಸಿ ಇಡಬೇಡಿ. ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು. ಅರ್ಧ ಇಟ್ಟರೆ ನೀರು ಒಳಗೇ ನಿಲ್ಲುತ್ತೆ. ಅಂದಹಾಗೆ, ಜನವರಿಯಲ್ಲೂ ಇಡ್ಲಿ ಹಿಟ್ಟು ಹುಳಿ ಬರಬೇಕು ಅಂದರೆ ರೇಡಿಯೇಟರಿನಿಂದ ಒಂದು ಮೊಳ ದೂರದಲ್ಲಿ ಸ್ಟೂಲ್ ಹಾಕಿ ಪಾತ್ರೆ ಇಡಿ. ಮೇಲೇ ಇಟ್ಟರೆ ತಳ ಬೆಂದುಬಿಡುತ್ತೆ.

ಕಿಟಕಿ ಬದಲಾಯಿಸಲು ಎರಡು ಕಡೆ ಒಪ್ಪಿಗೆ ಬೇಕು. ಒಂದು ಬೋರ್ಡಿನದು. ಇನ್ನೊಂದು ಹಳೇ ಕಟ್ಟಡಗಳನ್ನು ಕಾಪಾಡುವ ನಗರದ ಲ್ಯಾಂಡ್‌ಮಾರ್ಕ್ಸ್ ಕಮಿಷನ್ನಿನದು, ಯಾಕೆಂದರೆ 1993ರಲ್ಲಿ ಈ ಭಾಗವನ್ನು ಐತಿಹಾಸಿಕ ಪ್ರದೇಶ ಅಂತ ಘೋಷಿಸಿದ್ದಾರೆ. ಅಡುಗೆಮನೆ, ಬಚ್ಚಲನ್ನು ಬೇರೆ ಜಾಗಕ್ಕೆ ಸರಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಕೆಳಗಿನವರ ಮಲಗುವ ಕೋಣೆಯ ಮೇಲೆ ನಮ್ಮ ನೀರು ಬರುವುದಕ್ಕೆ ಬಹುತೇಕ ಬೋರ್ಡುಗಳು ಒಪ್ಪುವುದಿಲ್ಲ.

ನಾಲ್ಕಾರು ವರ್ಷ ಇದ್ದು, ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ವಾಪಸ್ ಹೋಗೋಣ ಅನ್ನುವವರು ಕೋ-ಆಪ್ ಕಡೆ ತಲೆ ಹಾಕಬೇಡಿ. ನಮ್ಮ ಕಟ್ಟಡದಲ್ಲಿ ಮೊದಲು ಎರಡು ವರ್ಷ ನಾವೇ ಇರಬೇಕು. ಆಮೇಲೂ ಎರಡೇ ವರ್ಷ ಬಾಡಿಗೆಗೆ ಕೊಡಬಹುದು, ಬರುವ ಬಾಡಿಗೆದಾರರೂ ಅದೇ ಬೇಸ್‌ಮೆಂಟ್ ರೂಮಿನಲ್ಲಿ ಇಂಟರ್‌ವ್ಯೂ ಕೊಡಬೇಕು. ಅಂಥವರು ಸ್ವಲ್ಪ ದುಬಾರಿಯಾದರೂ ಕಾಂಡೋನೇ ನೋಡಿ.