ಪುಕ್ಕಟೆ ಸಿಗುವ ಬರಹಗಳಿಂದ ಮಾರಾಟವಾಗುವ ಪುಸ್ತಕ: ನನ್ನ ಅನುಭವ

ಅಂತರ್ಜಾಲದಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಓದಬಹುದಾದ ಬರಹಗಳನ್ನು ಒಟ್ಟುಗೂಡಿಸಿ, ಪುಸ್ತಕ ಮಾಡಿ, ಬೆಲೆ ಇಟ್ಟು ಮಾರುತ್ತೇನೆ ಎಂದಾಗ ಈ ಕೆಲಸ ಬಲ್ಲವರೇ ಒಪ್ಪಿರಲಿಲ್ಲ. ಪುಕ್ಕಟೆ ಸಿಗುವುದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಈಗ ನನ್ನ ಜೇನುಸಾಕಣೆಯ ಸಂಕಲನವು ಜಾಹೀರಾತಿನ ಹಂಗಿಲ್ಲದೆ ತಿಂಗಳಿಗೆ 60ರಿಂದ 80 ಪ್ರತಿಗಳಷ್ಟು ಖರ್ಚಾಗುತ್ತಿದೆ. ಕೊಳ್ಳುವವರು ಹಣ ಕೊಡುವುದು ಬರಹಕ್ಕಲ್ಲ. ಹತ್ತಾರು ಕಡೆ ಚದುರಿದ್ದನ್ನು ಹುಡುಕಿ, ಹೋಲಿಸಿ, ತಿದ್ದಿ, ಬೇಕಾದ ಹೊತ್ತಿಗೆ ಬೇಕಾದ ಪುಟ ಕೈಗೆ ಸಿಗುವಂತೆ ಮಾಡಿದ ದುಡಿಮೆಗೆ. ಹೀಗೆಂದು ಗಟ್ಟಿಯಾಗಿ ಹೇಳಲು ನನಗೆ ಎರಡು ಸೋತ ಪುಸ್ತಕಗಳು ಬೇಕಾದವು.

ಮೊದಲನೆಯದು ಧೂಮಕೇತುಗಳ ಬಗ್ಗೆ. ವಿಕಿಪೀಡಿಯದ 40ರಷ್ಟು ಲೇಖನಗಳನ್ನು ಸೇರಿಸಿದ್ದೆ. ಆ ಲೇಖನಗಳಿಗಿರುವ ಸಿಸಿ ಬೈ-ಎಸ್‌ಎ ಎಂಬ ಮುಕ್ತ ಪರವಾನಗಿಯಡಿ ಮಾರುವುದಕ್ಕೆ ತಡೆಯಿಲ್ಲ; ಬರೆದವರ ಹೆಸರನ್ನು ನಮೂದಿಸಬೇಕು, ಬದಲಾವಣೆಗಳನ್ನು ಹೇಳಬೇಕು, ನಮ್ಮ ಸಂಪಾದಿತ ಪಠ್ಯವನ್ನೂ ಅದೇ ಪರವಾನಗಿಯಡಿ ಬಿಟ್ಟುಕೊಡಬೇಕು. ಚಿತ್ರಗಳ ಮಾತು ಬೇರೆ. ಒಂದೊಂದು ಚಿತ್ರಕ್ಕೂ ಅದರದೇ ಪರವಾನಗಿ ಇರುತ್ತದೆ, ಇಂಗ್ಲಿಷ್ ವಿಕಿಪೀಡಿಯದ ಕೆಲವು ಚಿತ್ರಗಳಂತೂ ‘ನ್ಯಾಯೋಚಿತ ಬಳಕೆ’ಯ (ಹಕ್ಕುಸ್ವಾಮ್ಯವಿದ್ದರೂ ಸೀಮಿತ ಉದ್ದೇಶಕ್ಕೆ ಅನುಮತಿಯಿಲ್ಲದೆ ಬಳಸುವ ಅವಕಾಶ) ಆಧಾರದ ಮೇಲಷ್ಟೇ ಅಲ್ಲಿರುತ್ತವೆ; ಅವನ್ನು ಮಾರಾಟದ ಪುಸ್ತಕಕ್ಕೆ ಎತ್ತಿಕೊಳ್ಳುವಂತಿಲ್ಲ. ಆ ಕಾರಣಕ್ಕೆ 15 ಚಿತ್ರಗಳನ್ನಾದರೂ ಕೈಬಿಟ್ಟಿರಬೇಕು. ಆದರೂ ಪುಸ್ತಕ ಬಿದ್ದುಹೋದದ್ದು ಪರವಾನಗಿಯಿಂದಲ್ಲ, ಪುನರಾವರ್ತನೆಯಿಂದ. ವಿಶ್ವಕೋಶದ ಪ್ರತಿಯೊಂದು ಲೇಖನವೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾದ್ದರಿಂದ ಹ್ಯಾಲಿ ಧೂಮಕೇತು ಸುಮಾರು 76 ವರ್ಷಕ್ಕೊಮ್ಮೆ ಮರಳುತ್ತದೆ ಎಂಬ ಸಂಗತಿ ಐದಾರು ಅಧ್ಯಾಯಗಳಲ್ಲಿ ಹೊಸದೆಂಬಂತೆ ಬರುತ್ತಿತ್ತು. ಬಿಡಿಯಾಗಿ ಓದಿದರೆ ತಪ್ಪಿಲ್ಲ, ಒಂದೇ ಬೀಸಿನಲ್ಲಿ ಓದಿದರೆ ಸಹಿಸುವುದು ಕಷ್ಟ. 30 ಪ್ರತಿಗಳ ಹತ್ತಿರ ಮಾರಾಟವಾಗಿ, ಅದರಲ್ಲೂ ಕೆಲವು ಹಿಂತಿರುಗಿದವು. ಮುಖಪುಟದ ಖರ್ಚೂ ಹುಟ್ಟಲಿಲ್ಲ.

ಎರಡನೆಯದು ಹಳೆಯ ಪ್ರಸಿದ್ಧ ಕೃತಿಗಳ ಮರುಮುದ್ರಣ. ಹಳೆಯ ಪುಸ್ತಕಗಳನ್ನು ಉಚಿತವಾಗಿ ಕೊಡುವ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಪಠ್ಯಗಳಿಂದ ಅದರ ಹೆಸರು ಮತ್ತು ಪರವಾನಗಿಯ ಪುಟಗಳನ್ನು ಪೂರ್ತಿ ತೆಗೆದರೆ ಯಾರಿಗೂ ಏನೂ ಕೊಡಬೇಕಿಲ್ಲ. ಹೆಸರು ಉಳಿಸಿಕೊಂಡು ಮಾರಿದರೆ ಲಾಭದ ಶೇ 20 ಅದಕ್ಕೆ ಸಲ್ಲಬೇಕು. ನಾನು ತೆಗೆದೇ ಮಾರಿದೆ. ಆದರೆ ಒಂದೇ ಕೃತಿಗೆ ಹತ್ತಾರು ಮಂದಿಯ ಆವೃತ್ತಿಗಳಿರುವಲ್ಲಿ ಉಳಿಯುವುದು ಬೆಲೆ ಇಳಿಸುವ ಪೈಪೋಟಿ ಮಾತ್ರ. ಲೇಖಕರೇ ಪುಸ್ತಕ ಪ್ರಕಟಿಸಿ ಮಾರಬಹುದಾದ ಅಮೆಜಾನ್‌ನ ಸೇವೆ ಕೆಡಿಪಿಯಲ್ಲಿ ಇಂಥ ಕೃತಿಗೆ ನಿಯಮವೂ ಬಿಗಿ: ಅಂಗಡಿಯಲ್ಲಿ ಉಚಿತ ಆವೃತ್ತಿ ಇದ್ದರೆ ಹೊಸ ಅನುವಾದವೋ, ಸ್ವಂತ ಟಿಪ್ಪಣಿಗಳೋ, ಕನಿಷ್ಠ 10 ಹೊಸ ಚಿತ್ರಗಳೋ ಇರಬೇಕು, ಅದನ್ನು ಶೀರ್ಷಿಕೆಯಲ್ಲೇ ಸೂಚಿಸಬೇಕು, ಸಾರ್ವಜನಿಕ ಸ್ವತ್ತಿನ (ಹಕ್ಕುಸ್ವಾಮ್ಯವಿಲ್ಲದ) ಪಠ್ಯವೇ ಮುಖ್ಯವಾಗಿರುವ ಇ-ಪುಸ್ತಕಕ್ಕೆ ರಾಯಧನ ಶೇ 70 ಅಲ್ಲ, ಶೇ 35 ಮಾತ್ರ. 2.99 ಡಾಲರಿನ ಇ-ಪುಸ್ತಕ ಮಾರಿದರೆ ಕೈಗೆ ಬರುವುದು ಒಂದು ಡಾಲರಿನ ಆಸುಪಾಸು. ಆಗಲೇ ಇ-ಪುಸ್ತಕದ ಆಸೆ ಬಿಟ್ಟು ಕಾಗದದ ಪುಸ್ತಕಕ್ಕೆ ಮನಸ್ಸು ಕೊಟ್ಟೆ.

ಮೂರನೆಯ ಸಲ ವಿಷಯ ಆರಿಸುವಾಗ ನಿರ್ಧರಿಸಿದ್ದು ಇಷ್ಟು: ಓದುಗ ಕೈಯಿಂದ ಮಾಡುವ ಕೆಲಸವಾಗಿರಬೇಕು, ಕೆಲಸದ ನಡುವೆ ಪುಸ್ತಕ ತೆರೆಯಬೇಕಾದ ಸಂದರ್ಭ ಬರಬೇಕು. ಜೇನುಸಾಕಣೆ ಇದಕ್ಕೆ ಹೇಳಿ ಮಾಡಿಸಿದ್ದು. ಕೈಗೆ ಕವಸು ಹಾಕಿಕೊಂಡವರು ಫೋನಿನ ಪರದೆ ಉಜ್ಜುತ್ತ ಕೂರಲಾರರು. ಸಾಮಗ್ರಿಗೂ ಬರವಿಲ್ಲ. ಅಮೆರಿಕದ ಕೃಷಿ ಇಲಾಖೆ ರೈತರಿಗಾಗಿ ಹೊರತಂದ ಹಳೆಯ ಕಿರುಹೊತ್ತಗೆಗಳು ಸರ್ಕಾರಿ ಕೃತಿಗಳಾದ್ದರಿಂದ ಆ ದೇಶದಲ್ಲಿ ಅವುಗಳಿಗೆ ಹಕ್ಕುಸ್ವಾಮ್ಯವೇ ಇಲ್ಲ. ಉಳಿದದ್ದು ಇಂಟರ್ನೆಟ್ ಆರ್ಕೈವ್ ಮತ್ತು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯಗಳಲ್ಲಿರುವ ಹಳೆಯ ಕೈಪಿಡಿಗಳು, ಪತ್ರಿಕೆಗಳು. ಹಕ್ಕುಸ್ವಾಮ್ಯದ ಅವಧಿಯ ಲೆಕ್ಕ ದೇಶಕ್ಕೊಂದು ಥರ: ಅಮೆರಿಕದಲ್ಲಿ ಹಳೆಯ ಪ್ರಕಟಣೆಗಳಿಗೆ 95 ವರ್ಷ, ಯುರೋಪಿನ ಒಕ್ಕೂಟದಲ್ಲಿ ಲೇಖಕರ ಮರಣಾನಂತರ 70, ಭಾರತದಲ್ಲಿ 60. ಪುಸ್ತಕವನ್ನು ಎಲ್ಲ ಕಡೆ ಮಾರುವ ಉದ್ದೇಶವಿದ್ದುದರಿಂದ ಪ್ರತಿ ತುಣುಕಿಗೂ ಪ್ರಕಟಣೆಯ ವರ್ಷ ಹಾಗೂ ಲೇಖಕರ ಮರಣದ ವರ್ಷ ಬರೆದ ಪಟ್ಟಿ ಇಟ್ಟುಕೊಂಡು, ಎರಡರಲ್ಲಿ ಒಂದು ಖಚಿತವಾಗದಿದ್ದರೂ ಆ ತುಣುಕನ್ನು ಕೈಬಿಟ್ಟೆ. ಪರವಾನಗಿಯಲ್ಲಿ ‘ಎನ್‌ಸಿ’ ಅಥವಾ ‘ಎನ್‌ಡಿ’ ಎಂದಿರುವ ಯಾವುದನ್ನೂ ಮುಟ್ಟಲಿಲ್ಲ. ಮೊದಲನೆಯದನ್ನು ಮಾರುವಂತಿಲ್ಲ, ಎರಡನೆಯದನ್ನು ತಿದ್ದಿ ಹಂಚುವಂತಿಲ್ಲ.

ಸ್ಕ್ಯಾನ್ ಮಾಡಿದ ಪುಟಗಳಿಂದ ತಂತ್ರಾಂಶದ ಮೂಲಕ ಅಕ್ಷರ ಹೊರತೆಗೆಯುವುದು (ಒಸಿಆರ್) ಎಲ್ಲರಿಗೂ ಗೊತ್ತಿರುವುದೇ. ಆದರೆ ಭಿನ್ನರಾಶಿಗಳ ವಿಷಯದಲ್ಲಿ ಎಚ್ಚರ ಹೇಳಲೇಬೇಕು. ಜೇನುಪೆಟ್ಟಿಗೆಯ ಭಾಗಗಳ ನಡುವೆ ಸುಮಾರು ⅜ ಅಂಗುಲ ತೆರವು ಬಿಡಬೇಕು. ಅಮೆರಿಕದ ಜೇನುಸಾಕಣೆಗಾರ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯ ಜೀವಾಳವೇ ಈ ತೆರವು. ಅದಕ್ಕಿಂತ ಕಿರಿದಾದರೆ ಜೇನುಗಳು ಅಂಟಿನಿಂದ ಮುಚ್ಚುತ್ತವೆ, ಅಗಲವಾದರೆ ಅಲ್ಲಿ ಎರಿ (ಜೇನುತಟ್ಟು) ಕಟ್ಟುತ್ತವೆ. ನನ್ನ ಒಸಿಆರ್ ಪಠ್ಯದಲ್ಲಿ ಈ ⅜ ಬಹಳ ಕಡೆ ಶೇಕಡಾ ಚಿಹ್ನೆಯಾಗಿತ್ತು. ಸಕ್ಕರೆ ಪಾಕದ ಅಳತೆಯಲ್ಲಿ 1½ ಎಂಬುದು 14 ಆಗಿತ್ತು. ಕಾಗುಣಿತ ತಿದ್ದುವ ತಂತ್ರಾಂಶಕ್ಕೆ 14ರಲ್ಲಿ ದೋಷ ಕಾಣುವುದಿಲ್ಲ. ಆದ್ದರಿಂದ ಪಠ್ಯದಲ್ಲಿರುವ ಒಂದೊಂದು ಅಂಕಿಯನ್ನೂ ಬಣ್ಣದಿಂದ ಗುರುತಿಸಿ, ಮೂಲ ಪುಟದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಿನಿಂದಲೇ ತಾಳೆ ನೋಡಿದೆ. ಬಳಿಕ ಅಂಗುಲ, ಪೌಂಡ್, ಫ್ಯಾರನ್‌ಹೀಟ್‌ಗಳ ಪಕ್ಕದಲ್ಲಿ ಮೆಟ್ರಿಕ್ ಅಳತೆ ಸೇರಿಸಿದೆ. ಬೇಸರದ ಕೆಲಸ ನಿಜ, ಆದರೆ ಪೈಪೋಟಿಯವರು ಬಿಟ್ಟುಬಿಡುವುದೂ ಇದನ್ನೇ.

ಹಳೆಯ ಸಲಹೆಯನ್ನು ಹಾಗೆಯೇ ಅಚ್ಚು ಹಾಕುವುದು ಅಪಾಯ. ಮೇಣದ ಪತಂಗ ಕೊಲ್ಲಲು ಕಾರ್ಬನ್ ಡೈಸಲ್ಫೈಡ್ ಬಳಸಿ ಎಂದು ಆ ಕಾಲದವರು ನಿರಾತಂಕವಾಗಿ ಬರೆದಿದ್ದಾರೆ. ಅದು ವಿಷ, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಇಂದು ಜೇನುಸಾಕಣೆಗೆ ದೊಡ್ಡ ಪೀಡೆಯಾಗಿರುವ ವರೋವಾ ನುಸಿಯ ಹೆಸರೇ ಆ ಬರಹಗಳಲ್ಲಿಲ್ಲ, ಏಕೆಂದರೆ ಅದು ಅಮೆರಿಕದಲ್ಲಿ ಕಾಣಿಸಿಕೊಂಡದ್ದು 1987ರಲ್ಲಿ. ಇಂಥ ಕಡೆಗಳಲ್ಲೆಲ್ಲ ನಾನೇ ಅಡಿಟಿಪ್ಪಣಿ ಬರೆದು, ಅನುಭವಿ ಜೇನುಸಾಕಣೆಗಾರರೊಬ್ಬರಿಗೆ ಸಂಭಾವನೆ ಕೊಟ್ಟು ಪರಿಶೀಲಿಸಿಕೊಂಡೆ. 200ಕ್ಕೂ ಹೆಚ್ಚು ಟಿಪ್ಪಣಿಗಳಾದವು. ಕೆಡಿಪಿ ಕೇಳುವ ಷರತ್ತನ್ನು ಇವು ಪೂರೈಸಿದವು ಎಂಬುದಕ್ಕಿಂತ, ಓದುಗರು ಪುಸ್ತಕವನ್ನು ನಂಬುವಂತೆ ಮಾಡಿದವು ಎಂಬುದು ನನಗೆ ದೊಡ್ಡದು.

ಇನ್ನು ವಿಷಯಸೂಚಿ, ಎಂದರೆ ಯಾವ ವಿಷಯ ಯಾವ ಪುಟಗಳಲ್ಲಿದೆ ಎಂದು ಪುಸ್ತಕದ ಕೊನೆಯಲ್ಲಿ ತೋರಿಸುವ ಪಟ್ಟಿ. ಪುಸ್ತಕ ಮಾರಿಸಿದ್ದು ಇದೇ ಎಂದು ಖಂಡಿತವಾಗಿ ಹೇಳಬಲ್ಲೆ. ಮೂಲ ಲೇಖಕರ ಕ್ರಮವನ್ನು ಪೂರ್ತಿ ಬಿಟ್ಟು, ಪೆಟ್ಟಿಗೆಯ ಮುಂದೆ ನಿಂತವರಿಗೆ ಎದುರಾಗುವ ತೊಡಕುಗಳ ಕ್ರಮದಲ್ಲಿ ತುಣುಕುಗಳನ್ನು ಜೋಡಿಸಿದೆ. ಸೂಚಿಯಲ್ಲಿಯೂ ಪಾರಿಭಾಷಿಕ ಪದಗಳ ಜೊತೆಗೆ ‘ರಾಣಿ ಕಾಣುತ್ತಿಲ್ಲ’, ‘ಎರಿಗೆ ಕೆಟ್ಟ ವಾಸನೆ’, ‘ಜೇನುಗಳು ಬಾಗಿಲಲ್ಲಿ ಗುಂಪುಗೂಡಿವೆ’ ಎಂಬಂಥ ನಮೂದುಗಳನ್ನು ಸೇರಿಸಿದೆ. ರೋಗದ ಹೆಸರು ಗೊತ್ತಿದ್ದವರು ಹೆಸರಿನಿಂದ ಹುಡುಕುತ್ತಾರೆ. ಹೆಸರು ಗೊತ್ತಿಲ್ಲದವರು ಕಂಡದ್ದರಿಂದ, ಮೂಗಿಗೆ ಬಡಿದದ್ದರಿಂದ ಹುಡುಕುತ್ತಾರೆ. ಸೂಚಿಯೇ 14 ಪುಟಗಳಾಯಿತು. ತಂತ್ರಾಂಶ ತಯಾರಿಸಿದ ಸೂಚಿಯನ್ನೂ ಪರೀಕ್ಷಿಸಿದ್ದೆ. ಅದು ‘ಜೇನು’ ಎಂಬ ಒಂದೇ ನಮೂದಿಗೆ ಪುಸ್ತಕದ ಬಹುತೇಕ ಎಲ್ಲ ಪುಟಗಳನ್ನೂ ಪಟ್ಟಿ ಮಾಡಿತು, ಹಾಗಾಗಿ ಕೈಬಿಟ್ಟೆ. ತರಬೇತಿ ಕೊಡುವವರೊಬ್ಬರು ಸೂಚಿಯ ಎರಡು ಪುಟ ನೋಡಿದ ಮೇಲೆ ತಮ್ಮ ವಿದ್ಯಾರ್ಥಿಗಳಿಗೆಂದು 70ರಷ್ಟು ಪ್ರತಿಗಳನ್ನು ಒಟ್ಟಿಗೆ ತರಿಸಿಕೊಂಡರು. ನನ್ನನ್ನು ಅನುಮಾನಿಸಿದ್ದವರಿಗೆ ಆ ಬೇಡಿಕೆಯ ಚೀಟಿಯನ್ನೇ ಕಳುಹಿಸಿದ್ದೆ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ ಹೀಗಿದೆ. ಮುಖಪುಟಕ್ಕೆ 250 ಡಾಲರ್, ಪರಿಶೀಲಕರಿಗೆ 400, ಮಾದರಿ ಪ್ರತಿ ಮತ್ತಿತರ ಖರ್ಚಿಗೆ 100ಕ್ಕಿಂತ ಸ್ವಲ್ಪ ಹೆಚ್ಚು. ಪುಟ 240ರ ಹತ್ತಿರ, ಒಳಗೆ ಕಪ್ಪು ಬಿಳುಪು. 14.99 ಡಾಲರಿನ ಬೆಲೆಯಲ್ಲಿ ಕೆಡಿಪಿ ಕೊಡುವ ಶೇ 60 ಎಂದರೆ 9 ಡಾಲರ್; ಅದರಲ್ಲಿ ಅಚ್ಚಿನ ಖರ್ಚು 4 ಡಾಲರಿಗೆ ತುಸು ಕಡಿಮೆ ಕಳೆದು, ಪ್ರತಿಯೊಂದಕ್ಕೆ 5 ಡಾಲರ್ ಉಳಿಯುತ್ತದೆ. ಮೊದಲ ಆರು ತಿಂಗಳು ತಿಂಗಳಿಗೆ 10 ಪ್ರತಿಯೂ ದಾಟುತ್ತಿರಲಿಲ್ಲ. ಬೆಲೆ ಇಳಿಸಿ ಎಂದು ಅನೇಕರು ಹೇಳಿದರು, ನಾನು ಒಪ್ಪಲಿಲ್ಲ. 2025ರ ಜೂನ್‌ನಿಂದ 9.99 ಡಾಲರಿಗಿಂತ ಕಡಿಮೆ ಬೆಲೆಯ ಮುದ್ರಿತ ಪುಸ್ತಕಕ್ಕೆ ಕೆಡಿಪಿ ಶೇ 50 ಮಾತ್ರ ಕೊಡುತ್ತಿರುವುದರಿಂದ ಆ ಹಟ ಇನ್ನಷ್ಟು ಸರಿಯೆನಿಸುತ್ತದೆ. ಹಾಕಿದ ಹಣ ವರ್ಷ ತುಂಬುವ ಮೊದಲೇ ಮರಳಿತು.

ಈ ನಡುವೆ ಪಕ್ಕದ ದಾರಿಗಳಲ್ಲಿಯೂ ಒಂದಿಷ್ಟು ಓಡಾಡಿದೆ. ಜರ್ಮನಿಯ ಜೀವವಿಜ್ಞಾನಿ ಹೆಕೆಲ್ ಬಿಡಿಸಿದ ಕಡಲಜೀವಿಗಳ ಫಲಕಗಳು 1899ರಿಂದ 1904ರವರೆಗೆ ಅಚ್ಚಾದಂಥವು, ಈಗ ಎಲ್ಲರ ಸ್ವತ್ತು. ಅವನ್ನು ಬಣ್ಣದಲ್ಲಿ ಪುಸ್ತಕ ಮಾಡಿದಾಗ ಅಚ್ಚಿನ ಖರ್ಚೇ ಕಪ್ಪು ಬಿಳುಪಿನ ಮೂರು ನಾಲ್ಕು ಪಟ್ಟಾಗಿ, ಬೆಲೆ ಏರಿ, ಕೊಳ್ಳುವವರು ಹಿಂದೆಗೆದರು. ಅದೇ ಚಿತ್ರಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರಿಯ ಗೆರೆಗಳಾಗಿಸಿ ಬಣ್ಣ ತುಂಬುವ ಪುಸ್ತಕ ಮಾಡಿದೆ. ಅದು ಇಂದಿಗೂ ತಿಂಗಳಿಗೆ 15ರಷ್ಟು ಹೋಗುತ್ತದೆ. ಗೆರೆಗಳು ಒಡೆಯದಂತೆ ಮಾಡುವ ಉಪಾಯ ನನ್ನಲ್ಲೇ ಇರಲಿ, ಅದಕ್ಕಾಗಿ ಸಾಕಷ್ಟು ನಿದ್ದೆಗೆಟ್ಟಿದ್ದೇನೆ. ವಿಷಯವೊಂದಕ್ಕೆ ಕೊಳ್ಳುವವರಿದ್ದಾರೋ ಇಲ್ಲವೋ ಎಂದು ಮೊದಲೇ ತಿಳಿಯುವ ನನ್ನ ವಿಧಾನವನ್ನೂ ಇಲ್ಲಿ ಬಿಡಿಸಿ ಹೇಳುತ್ತಿಲ್ಲ. ಹಳೆಯ ಪತ್ರಿಕೆಗಳಲ್ಲಿ ಓದುಗರು ಕೇಳಿದ ಪ್ರಶ್ನೆಗಳ ಅಂಕಣದಿಂದ ಅದು ಶುರುವಾಗುತ್ತದೆ ಎಂಬಷ್ಟು ಸುಳಿವು ಸಾಕು.

2026ರ ಜನವರಿ 1ರಂದು 1930ರ ಪ್ರಕಟಣೆಗಳು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿವೆ. ಅವುಗಳಲ್ಲಿ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವ ಬಗ್ಗೆ ಸಿಕ್ಕಿದ್ದನ್ನೆಲ್ಲ ಒಟ್ಟುಮಾಡಿದ್ದೇನೆ. ಈ ಸಲ ವಿಷಯಸೂಚಿಯನ್ನೇ ಮೊದಲು ಬರೆದು, ಅದರಲ್ಲಿನ ಖಾಲಿ ನಮೂದುಗಳಿಗೆ ತಕ್ಕ ತುಣುಕುಗಳನ್ನು ಹುಡುಕುತ್ತಿದ್ದೇನೆ.