ನೋಡಿದ ವಿಡಿಯೊ ಕ್ಯಾಶ್‌ನಲ್ಲಿದೆ, ಅಳಿಯುವ ಮುನ್ನ ಎತ್ತಿಟ್ಟುಕೊಳ್ಳಿ

ನಮ್ಮ ಸೋದರತ್ತೆ ಊರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ಸೋಬಾನೆ ಪದ ಹಾಡಿದ್ದರು. ನಾಲ್ಕು ನಿಮಿಷದ ಆ ವಿಡಿಯೊ ಶಾಲೆಯ ಜಾಲತಾಣದಲ್ಲಿತ್ತು. ಅತ್ತೆ ತೀರಿಕೊಂಡ ವಾರ ಮನೆಯವರೆಲ್ಲ ನನ್ನ ಲ್ಯಾಪ್‌ಟಾಪಿನ ಸುತ್ತ ಕೂತು ನೋಡಿದೆವು. ಎರಡು ದಿನ ಬಿಟ್ಟು ಮತ್ತೆ ನೋಡೋಣವೆಂದರೆ ಜಾಲತಾಣವೇ ತೆರೆಯಲಿಲ್ಲ. ಕೊನೆಗೆ ಹಾಡು ಸಿಕ್ಕಿದ್ದು ಅದೇ ಲ್ಯಾಪ್‌ಟಾಪಿನ ಫೈರ್‌ಫಾಕ್ಸ್ ಬ್ರೌಸರಿನ ಕ್ಯಾಶ್‌ನಲ್ಲಿ.

ಒಮ್ಮೆ ತೆರೆದ ಪುಟದ ಚಿತ್ರ, ವಿಡಿಯೊಗಳನ್ನು ಮತ್ತೆ ಇಳಿಸಿಕೊಳ್ಳುವ ಕೆಲಸ ತಪ್ಪಲೆಂದು ಬ್ರೌಸರ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಪ್ರತಿಯೇ ಕ್ಯಾಶ್. ಜಾಗ ತುಂಬಿದಂತೆ ಹಳೆಯದು ಅಳಿಯುತ್ತದೆ. ಹಾಗಾಗಿ ತಡಮಾಡಬೇಡಿ. ಪ್ರೈವೇಟ್ ವಿಂಡೊದಲ್ಲಿ ನೋಡಿದ್ದು ಡಿಸ್ಕಿಗೆ ಬರುವುದಿಲ್ಲ.

ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಬಳಸುವವರು ಹೀಗೆ ಮಾಡಿ. ವಿಡಿಯೊವನ್ನು ಎಲ್ಲಿಯೂ ಹಾರಿಸದೆ ಕೊನೆಯವರೆಗೆ ಓಡಿಸಿರಬೇಕು. ವಿಳಾಸದ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ನೀವು ಬಳಸುತ್ತಿರುವ ಪ್ರೊಫೈಲ್‌ನಲ್ಲಿ ‘ಲೋಕಲ್ ಡೈರೆಕ್ಟರಿ’ ಎಂಬ ಸಾಲಿದೆ. ಅದರ ಮೇಲಿನ ‘ರೂಟ್ ಡೈರೆಕ್ಟರಿ’ ಅಲ್ಲ, ಇಲ್ಲಿಯೇ ಬಹಳ ಜನ ದಾರಿ ತಪ್ಪುತ್ತಾರೆ. ‘ಓಪನ್ ಫೋಲ್ಡರ್’ ಒತ್ತಿ, ಕ್ಯಾಶ್2 ಫೋಲ್ಡರ್‌ಗೂ ಅದರೊಳಗಿನ ಎಂಟ್ರೀಸ್‌ಗೂ ಹೋಗಿ.

ಅಲ್ಲಿ ಸಾವಿರಾರು ಫೈಲ್‌ಗಳಿರುತ್ತವೆ. ಒಂದೊಂದರ ಹೆಸರೂ 40 ಅಕ್ಷರ-ಅಂಕಿಗಳ ಗೋಜಲು. ಗಾಬರಿ ಬೇಡ. ‘ಡೀಟೇಲ್ಸ್’ ನೋಟಕ್ಕೆ ಬದಲಿಸಿ ‘ಸೈಜ್’ ಮೇಲೆ ಕ್ಲಿಕ್ಕಿಸಿದರೆ ದೊಡ್ಡವು ಮೇಲಕ್ಕೆ ಬರುತ್ತವೆ. ಅತ್ತೆಯ ಹಾಡು 18 ಎಂಬಿ ಇತ್ತು, ಅದರ ಕೆಳಗಿನದು ಒಂದೂವರೆ ಎಂಬಿಯ ಫೋಟೊ. ಗುರುತು ಹಿಡಿಯಲು ಅಷ್ಟೇ ಸಾಕಾಯಿತು. ಫೈಲನ್ನು ಕಟ್ ಮಾಡದೆ ಕಾಪಿ ಮಾಡಿ ಡೆಸ್ಕ್‌ಟಾಪಿಗೆ ತನ್ನಿ, ಹೆಸರಿನ ಕೊನೆಗೆ ಚುಕ್ಕೆಯಿಟ್ಟು ಎಂಪಿ4 ಸೇರಿಸಿ, ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆಯಿರಿ. ಯಾವ ಬಗೆಯ ಫೈಲ್ ಎಂಬ ಅನುಮಾನವಿದ್ದರೆ ಆ ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಸೇವ್ ಮಾತ್ರ ಮಾಡಬೇಡಿ. ಶುರುವಿನಲ್ಲೇ ಎಫ್-ಟಿ-ವೈ-ಪಿ ಅಕ್ಷರಗಳು ಕಂಡರೆ ಎಂಪಿ4, ವೆಬ್‌ಎಂ ಎಂದಿದ್ದರೆ ಅದು ವೆಬ್‌ಎಂ ಎಂಬ ಇನ್ನೊಂದು ಬಗೆಯ ವಿಡಿಯೊ.

ಸುಮಾರು 50 ಎಂಬಿ ಮೀರಿದ ಫೈಲನ್ನು ಫೈರ್‌ಫಾಕ್ಸ್ ಸಾಮಾನ್ಯವಾಗಿ ಈ ಜಾಗದಲ್ಲಿ ಇಡುವುದಿಲ್ಲ. ಕ್ರೋಮ್‌ನ ಕ್ಯಾಶ್ ಕೆದಕುವುದಂತೂ ಇನ್ನೂ ಕಷ್ಟ. ಜಾಲತಾಣ ಇನ್ನೂ ತೆರೆಯುತ್ತಿದ್ದರೆ ಬೇರೆ ದಾರಿಯಿದೆ: ಎಫ್12 ಒತ್ತಿ, ‘ನೆಟ್‌ವರ್ಕ್’ನಲ್ಲಿ ‘ಮೀಡಿಯಾ’ ಆರಿಸಿ, ಪುಟವನ್ನು ರಿಲೋಡ್ ಮಾಡಿ ವಿಡಿಯೊ ಓಡಿಸಿ. ಕಾಣುವ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಟ್ಯಾಬ್‌ನಲ್ಲಿ ತೆರೆದು, ಕಂಟ್ರೋಲ್-ಎಸ್ ಒತ್ತಿ ಉಳಿಸಿಕೊಳ್ಳಿ.

ಯೂಟ್ಯೂಬ್‌ಗೆ ಈ ಉಪಾಯ ನಡೆಯದು. ಬ್ರೌಸರಿನಲ್ಲಿ ವಿಡಿಯೊ ಓಡಿಸುತ್ತಿದ್ದ ಹಳೆಯ ತಂತ್ರಾಂಶ ಫ್ಲ್ಯಾಶ್‌ನ ಕಾಲದಲ್ಲಿ ಇಡೀ ವಿಡಿಯೊ ಒಂದೇ ಎಫ್‌ಎಲ್‌ವಿ ಫೈಲಾಗಿ ತಾತ್ಕಾಲಿಕ ಫೋಲ್ಡರ್‌ನಲ್ಲಿ ಕೂತಿರುತ್ತಿತ್ತು. ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು. ಈಗ ಚಿತ್ರ ಬೇರೆ, ಧ್ವನಿ ಬೇರೆ, ಎರಡೂ ತುಂಡು ತುಂಡಾಗಿ ಬರುತ್ತವೆ. ಯೂಟ್ಯೂಬ್ ತಾನೇ ಕೊಡುವ ಡೌನ್‌ಲೋಡ್ ಗುಂಡಿ ಬಿಟ್ಟು ಬೇರೆ ದಾರಿಯಲ್ಲಿ ಇಳಿಸುವುದು ಅದರ ನಿಯಮಕ್ಕೂ ವಿರುದ್ಧ. ಒಟಿಟಿ ಸಿನಿಮಾಗಳಿಗೆ ಗೂಢಲಿಪಿಯ ಬೀಗವೂ ಇರುತ್ತದೆ. ನಿಮ್ಮ ಡಿಸ್ಕಿನಲ್ಲಿದ್ದ ಮಾತ್ರಕ್ಕೆ ವಿಡಿಯೊದ ಹಕ್ಕು ನಿಮ್ಮದಾಗದು. ಹಂಚುವ ಮೊದಲು ಮಾಡಿದವರನ್ನು ಕೇಳಿ.

ನಾನು ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿದ್ದು ಅನುಮತಿ ಕೇಳಲೆಂದು. ಅವರ ಹತ್ತಿರ ಮೂಲ ವಿಡಿಯೊ ಉಳಿದಿರಲಿಲ್ಲ. ಸಂಜೆಯೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಕೊಟ್ಟು ಬಂದೆ.